ಯಾರ ಮೇಲೆ ಪ್ರಮಾಣ?

“ಯಾರ ಮೇಲೆ ಪ್ರಮಾಣ ಮಾಡ್ತಾನಂತೆ?” ಅಮ್ಮ ಕೇಳಿದಳು.

2021ರ ಜನವರಿ 20, ರಾತ್ರಿ ಹತ್ತು ಗಂಟೆ ದಾಟಿತ್ತು. ಶಿವಮೊಗ್ಗದ ನಮ್ಮ ಮನೆಯ ಟೀವಿಯೊಳಗೆ ವಾಷಿಂಗ್ಟನ್ನಿನ ಚಳಿಬಿಸಿಲು, ಅಮೆರಿಕದ ಹೊಸ ಅಧ್ಯಕ್ಷ, ಉಪಾಧ್ಯಕ್ಷರ ಪ್ರಮಾಣದ ಸಮಾರಂಭ. ಫೋನಿನೊಳಗೆ ವರ್ಜೀನಿಯಾದ ಅಕ್ಕ. ಅವಳ ಮನೆಯಿಂದ ಕ್ಯಾಪಿಟಲ್ ಕಟ್ಟಡಕ್ಕೆ ಅರ್ಧ ಗಂಟೆಯ ದಾರಿ. ಆದರೆ ಪೊಟೊಮ್ಯಾಕ್ ನದಿಯ ಸೇತುವೆಗಳಿಗೆ ಅಡ್ಡಗಟ್ಟೆ ಬಿದ್ದಿತ್ತು, ಊರ ನಡುವಿನ ಮೆಟ್ರೊ ನಿಲ್ದಾಣಗಳನ್ನು ಮುಚ್ಚಿದ್ದರು, ದಯವಿಟ್ಟು ಬರಬೇಡಿ, ಮನೆಯಲ್ಲೇ ಕೂತು ನೋಡಿ ಎಂದು ಸಮಾರಂಭದವರೇ ಕೇಳಿಕೊಂಡಿದ್ದರು. ಹಾಗಾಗಿ ಪಕ್ಕದಲ್ಲಿದ್ದ ಅವಳೂ ಅರ್ಧ ಭೂಮಿ ಆಚೆಗಿದ್ದ ನಾವೂ ನೋಡಿದ್ದು ಟೀವಿಯನ್ನೇ. ಅವಳ ಟೀವಿಯ ದನಿ ಫೋನಿನಲ್ಲಿ ಮೊದಲು ಬರುತ್ತಿತ್ತು, ನಮ್ಮದು ಎರಡು ಕ್ಷಣ ತಡವಾಗಿ. ಕಮಲಾ ಹ್ಯಾರಿಸ್ ಹೇಳಿದ್ದೂ ಜೋ ಬೈಡನ್ ಹೇಳಿದ್ದೂ ನಮಗೆ ಎರಡೆರಡು ಸಲ ಕೇಳಿತು.

ಅಮ್ಮನ ಲೆಕ್ಕದಲ್ಲಿ ಪ್ರಮಾಣ ಅಂದರೆ ದೇವರ ಮುಂದೆ ಮಾಡುವಂಥದ್ದು. ಅಡಿಕೆ ಕದ್ದವನು ಯಾರು, ಬೇಲಿ ಸರಿಸಿದವನು ಯಾರು ಎಂಬ ಜಗಳ ಪಂಚಾಯಿತಿಯಲ್ಲಿ ಬಗೆಹರಿಯದೆ ಹೋದರೆ “ಧರ್ಮಸ್ಥಳಕ್ಕೆ ಬಾ, ಪ್ರಮಾಣ ಮಾಡು” ಅನ್ನುತ್ತಿದ್ದರು. ಅರ್ಧ ಜಗಳ ಬಸ್ಸು ಹತ್ತುವ ಮೊದಲೇ ಮುಗಿಯುತ್ತಿತ್ತು. 2011ರಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ, ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿ ಆಣೆ ಪ್ರಮಾಣದ ಸವಾಲು ಹಾಕಿಕೊಂಡು ಅದೇ ಮಂಜುನಾಥನ ಸನ್ನಿಧಿಗೆ ಹೋದದ್ದನ್ನು ರಾಜ್ಯವೇ ನೋಡಿದೆ. ಅಕ್ಕಿ ಬೇಳೆಗೆ ಅಮ್ಮ ಪ್ರಮಾಣ ಎನ್ನುವವಳಲ್ಲ, ಅದಕ್ಕೆ ಅಳತೆ. ಪೇಪರಿನಲ್ಲಿ ‘ಸೋಂಕಿನ ಪ್ರಮಾಣ ಇಳಿಕೆ’ ಎಂದು ಓದಿದಾಗಲೆಲ್ಲ “ಇದೂ ಪ್ರಮಾಣ ಮಾಡ್ತದಾ ಮಾರಾಯ?” ಎಂದು ನಗುತ್ತಿದ್ದಳು.

ನಗಬೇಕಾದ್ದೇ. ಕೊರೊನಾದ ಆ ಒಂದು ವರ್ಷದಲ್ಲಿ ಈ ಪದ ದುಡಿದಷ್ಟು ಇನ್ನಾವ ಪದವೂ ದುಡಿದಿಲ್ಲ. ಸೋಂಕಿನ ಪ್ರಮಾಣ, ಮರಣ ಪ್ರಮಾಣ, ಗುಣಮುಖರಾದವರ ಪ್ರಮಾಣ, ಬೆರಳಿಗೆ ಸಿಕ್ಕಿಸಿದ ಪುಟ್ಟ ಯಂತ್ರದಲ್ಲಿ ಆಮ್ಲಜನಕದ ಪ್ರಮಾಣ. ಮೂಲದಲ್ಲಿ ಇದು ಅಳತೆಯ ಪದವೇ. ‘ಮಾ’ ಎಂಬ ಸಂಸ್ಕೃತ ಧಾತುವಿಗೆ ಅಳೆಯುವುದು ಎಂದರ್ಥ. ಮಾಪನ, ಪರಿಮಾಣ, ಉಪಮಾನ ಎಲ್ಲ ಅದರ ಮಕ್ಕಳು. ಅಳೆದು ತಿಳಿದದ್ದು ಸರಿಯಾದ ತಿಳಿವು ಎಂದುಕೊಂಡ ತಾರ್ಕಿಕರು ತಿಳಿವಿನ ದಾರಿಗಳನ್ನೇ ಪ್ರಮಾಣಗಳೆಂದು ಕರೆದರು. ನ್ಯಾಯದರ್ಶನದವರಿಗೆ ಅವು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಚಾರ್ವಾಕರಿಗೆ ಒಂದೇ, ಕಣ್ಣಿಗೆ ಕಂಡದ್ದು. ಈ ಪೈಕಿ ಅನುಮಾನ ಕನ್ನಡಕ್ಕೆ ಬಂದು ಶಂಕೆಯಾಗಿಬಿಟ್ಟಿತು. ಹೊಗೆ ಕಂಡು ಬೆಂಕಿಯಿದೆ ಎನ್ನುವುದು ಅಲ್ಲಿ ಅನುಮಾನ. ಬೆಂಕಿ ಹಚ್ಚಿದವನು ಪಕ್ಕದ ಮನೆಯವನೇ ಇರಬೇಕು ಎನ್ನುವುದು ಇಲ್ಲಿ ಅನುಮಾನ. ನಮ್ಮ ಗಾದೆಯಂತೂ ಚಾರ್ವಾಕರನ್ನೂ ಮೀರಿಸಿತು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.

ಅಮೆರಿಕದಲ್ಲಿ ಆ ಜನವರಿಯಲ್ಲಿ ನಡೆದದ್ದೂ ಪ್ರಮಾಣದ ಜಗಳವೇ. ಅಧ್ಯಕ್ಷ ಚುನಾವಣೆಯ ಮತ ಎಣಿಸಿಯಾಗಿತ್ತು, ಮರುಎಣಿಕೆಯೂ ಆಗಿತ್ತು. ಸೋತವರ ವಕೀಲರು ಕಂತೆಗಟ್ಟಲೆ ಪ್ರಮಾಣಪತ್ರ ಹಿಡಿದು ಕೋರ್ಟಿಗೆ ಹೋದರು. 60ಕ್ಕೂ ಹೆಚ್ಚು ಮೊಕದ್ದಮೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಿದ್ದುಹೋದವು. ಜನವರಿ 6ರಂದು ಕ್ಯಾಪಿಟಲ್ ಕಟ್ಟಡದಲ್ಲಿ ಸಂಸತ್ತು ಕೂತದ್ದು ಫಲಿತಾಂಶವನ್ನು ಪ್ರಮಾಣೀಕರಿಸಲು. ಅದನ್ನು ತಡೆಯಲೆಂದೇ ಜನ ಕಿಟಕಿ ಒಡೆದು ಒಳನುಗ್ಗಿದರು. ಸಂಸದರು ರಾತ್ರಿಯೆಲ್ಲ ಕೂತು ಬೈಡನ್ ಪರ 306-232 ಎಂದು ಬರೆದುಕೊಂಡು ಎದ್ದರು. ಎರಡು ವಾರದ ನಂತರ ಅದೇ ಕಟ್ಟಡದ ಮೆಟ್ಟಿಲ ಮೇಲೆ ಪ್ರಮಾಣ. ಪ್ರಮಾಣಪತ್ರ, ಪ್ರಮಾಣೀಕರಣ, ಪ್ರಮಾಣವಚನ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಮೂರು ಬೇರೆ ಮುಖ. ಕನ್ನಡದಲ್ಲಿ ಬರೆದರೆ ಇಡೀ ತಿಂಗಳ ಸುದ್ದಿ ಒಂದೇ ಪದದ ಸುತ್ತ ಗಾಣದೆತ್ತಿನಂತೆ ತಿರುಗುತ್ತದೆ.

ಟೀವಿಯಲ್ಲಿ ಬೈಡನ್ ಅವರ ಪತ್ನಿ ಜಿಲ್ ಒಂದು ಬೈಬಲ್ ಹಿಡಿದು ನಿಂತರು. 1893ರಿಂದ ಬೈಡನ್ ಮನೆತನದಲ್ಲಿರುವ ಪುಸ್ತಕ, ಐದು ಇಂಚು ದಪ್ಪ. “ಕೈ ಸೋಲೂದಿಲ್ವಾ ಆಕೆಗೆ?” ಅಂದಳು ಅಮ್ಮ. ಬೈಡನ್ ಮಾಸ್ಕ್ ತೆಗೆದು ಅದರ ಮೇಲೆ ಎಡಗೈ ಇಟ್ಟರು, ಬಲಗೈ ಎತ್ತಿದರು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಹೇಳಿಕೊಟ್ಟರು, ಇವರು ಹೇಳಿದರು. ಈ ಪ್ರಮಾಣಕ್ಕೂ ಪ್ರಮಾಣವಿದೆ: 35 ಪದ, ಅಮೆರಿಕದ ಸಂವಿಧಾನದಲ್ಲೇ ಬರೆದಿಟ್ಟದ್ದು. ಅದರಲ್ಲಿ ದೇವರಿಲ್ಲ, ಕೊನೆಯಲ್ಲಿ ದೇವರನ್ನು ನೆನೆಯುವುದು ರೂಢಿಯಿಂದ ಬಂದ ಸೇರ್ಪಡೆ. 2009ರಲ್ಲಿ ಇದೇ ರಾಬರ್ಟ್ಸ್ ಹೇಳಿಕೊಡುವಾಗ ಒಂದು ಪದ ಆಚೀಚೆ ಆಗಿ, ಒಬಾಮ ಮರುದಿನ ಶ್ವೇತಭವನದಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಆ ಸಲ ಬೈಬಲ್ಲೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಅಷ್ಟೂ ಪದ, ಅದೇ ಅನುಕ್ರಮದಲ್ಲಿ. ಅಡುಗೆಯ ಅಳತೆ ತಪ್ಪಿದರೆ ಇನ್ನೊಂದು ಒಗ್ಗರಣೆ ಹಾಕುವಂತೆ ಇದನ್ನು ಸರಿಪಡಿಸಲಾಗುವುದಿಲ್ಲ.

ಅಮ್ಮನ ಮೊದಲ ಪ್ರಶ್ನೆಗೆ ಅಕ್ಕ ಫೋನಿನಿಂದಲೇ ಉತ್ತರ ಕೊಟ್ಟಳು: “ಸಂವಿಧಾನ ಕಾಪಾಡ್ತೀನಿ ಅಂತ ಅಮ್ಮ.”

“ಒಂದು ಪುಸ್ತಕ ಮುಟ್ಟಿ ಇನ್ನೊಂದು ಪುಸ್ತಕ ಕಾಯೂದಾ? ಅಡ್ಡಿಲ್ಲ.”

ಗಡಿಯಾರ ನೋಡಿದೆ. ಇನ್ನೂ 10:20 ಆಗಿರಲಿಲ್ಲ. ಅಲ್ಲಿನ ಸಂವಿಧಾನದ ಪ್ರಕಾರ ಹೊಸ ಅಧ್ಯಕ್ಷರ ಅವಧಿ ಶುರುವಾಗುವುದು ಅಲ್ಲಿಯ ನಡುಮಧ್ಯಾಹ್ನ ಹನ್ನೆರಡಕ್ಕೆ, ಅಂದರೆ ನಮ್ಮ 10:30ಕ್ಕೆ. ಮಾತು ಕೊಟ್ಟಾಗಿದೆ, ಅಧಿಕಾರ ಇನ್ನೂ ಬಂದಿಲ್ಲ. ಆ ಹತ್ತು ಚಿಲ್ಲರೆ ನಿಮಿಷದಲ್ಲೇ ಅವರು ಭಾಷಣ ಶುರುಮಾಡಿದ್ದರು. ಕ್ಯಾಮೆರಾ ಒಮ್ಮೆ ನ್ಯಾಷನಲ್ ಮಾಲ್ ಕಡೆ ತಿರುಗಿತು. ಲಕ್ಷಗಟ್ಟಲೆ ಜನ ನಿಲ್ಲಬೇಕಾದ ಬಯಲಲ್ಲಿ ಸುಮಾರು ಎರಡು ಲಕ್ಷ ಪುಟ್ಟ ಬಾವುಟಗಳು ಗಾಳಿಗೆ ಹೊರಳುತ್ತಿದ್ದವು. ಬರಲಾಗದವರ ಬದಲಿಗೆ ನೆಟ್ಟದ್ದು. ಹಿಂದಿನ ಸಂಜೆ ಲಿಂಕನ್ ಸ್ಮಾರಕದ ಕೊಳದ ಸುತ್ತ 400 ದೀಪ ಹಚ್ಚಿದ್ದರು, ಅಲ್ಲಿ ಕೊರೊನಾಕ್ಕೆ ಸತ್ತ ನಾಲ್ಕು ಲಕ್ಷ ಜನರಿಗಾಗಿ. ಒಂದು ದೀಪಕ್ಕೆ ಸಾವಿರ ಜೀವ. ಪ್ರಮಾಣ ಎಂಬ ಪದ ನನಗೆ ಕಹಿಯಾಗಿ ಕೇಳಿಸಿದ್ದು ಆ ಲೆಕ್ಕ ಓದಿದಾಗ.

ನಮ್ಮ ಪೇಪರುಗಳಿಗೆ ಆ ದಿನಗಳಲ್ಲಿ ಬೇರೆ ಸಡಗರವೂ ಇತ್ತು. ಜಿಲ್ ಬೈಡನ್ ಅವರ ಆಗಿನ ನೀತಿ ನಿರ್ದೇಶಕಿ ಮಾಲಾ ಅಡಿಗರ ಬೇರು ಕುಂದಾಪುರದ ಕಕ್ಕುಂಜೆಯಲ್ಲಿ, ಸರ್ಜನ್ ಜನರಲ್ ಹುದ್ದೆಗೆ ಆರಿಸಿದ್ದ ವಿವೇಕ್ ಮೂರ್ತಿಯವರದು ಮಂಡ್ಯದ ಹಲ್ಲೆಗೆರೆಯಲ್ಲಿ. ಸಡಗರಪಡಲಿ. ನನಗೆ ತಕರಾರಿರುವುದು ಶೀರ್ಷಿಕೆಯ ಬಗ್ಗೆ. ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದ ಪೇಪರಿನಲ್ಲಿ ‘ಪ್ರಮಾಣವಚನ ಸ್ವೀಕಾರ’ ಎಂದಿತ್ತು. ಸ್ವೀಕರಿಸುವುದು ಹಾರವನ್ನು, ಮನವಿಯನ್ನು, ಪ್ರಶಸ್ತಿಯನ್ನು. ಪ್ರಮಾಣವನ್ನು ಯಾರಾದರೂ ಕೊಟ್ಟು ಇನ್ಯಾರೋ ಈಸಿಕೊಳ್ಳುವುದುಂಟೆ? ರಾಜ್ಯಪಾಲರು ‘ಬೋಧಿಸಿದರು’, ಇವರು ‘ಸ್ವೀಕರಿಸಿದರು’ ಎಂದು ಬರೆದಾಗ ಆಡಿದ ಮಾತು ಆಡಿದವನದಲ್ಲ, ಮೇಲಿಂದ ಬಂದದ್ದು ಎಂಬಂತಾಗುತ್ತದೆ. ಊರಿನ ಮಾತು ಹಾಗಿಲ್ಲ. ಆಣೆ ಇಡುತ್ತಾರೆ, ಭಾಷೆ ಕೊಡುತ್ತಾರೆ, ಪ್ರಮಾಣ ಮಾಡುತ್ತಾರೆ. ಕೈ ಅವರದು, ನಾಲಗೆ ಅವರದು, ತಪ್ಪಿದರೆ ತಟ್ಟುವುದೂ ಅವರಿಗೇ.

ಪೇಪರಿನ ಗೆಳೆಯರಲ್ಲಿ ಒಂದು ಕೋರಿಕೆ. ಮುಂದಿನ ಸಲ ಯಾರೇ ಕುರ್ಚಿ ಏರಲಿ, ವಾಷಿಂಗ್ಟನ್ನಿನಲ್ಲಾಗಲಿ ವಿಧಾನಸೌಧದ ಮೆಟ್ಟಿಲ ಮೇಲಾಗಲಿ, ‘ಪ್ರಮಾಣ ಮಾಡಿದರು’ ಎಂದು ಬರೆಯಿರಿ. ಶೀರ್ಷಿಕೆಯಲ್ಲಿ ಜಾಗವೂ ಉಳಿಯುತ್ತದೆ.