ಆಳಸಮುದ್ರದ ಬಿಸಿನೀರಿನ ಬುಗ್ಗೆಗಳು ಮತ್ತು ಅಲ್ಲಿನ ಮೀನುಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ
ಭೂಫಲಕಗಳು ಪರಸ್ಪರ ದೂರ ಸರಿಯುವ ಸಮುದ್ರತಳದ ಪರ್ವತಸಾಲುಗಳಲ್ಲಿ, ಬಿರುಕುಗಳ ಮೂಲಕ ಒಳಸೇರಿದ ನೀರು ಕಾದ ಶಿಲೆಗಳ ಸಂಪರ್ಕದಿಂದ ಬಿಸಿಯಾಗಿ, ಲೋಹ ಹಾಗೂ ಗಂಧಕದ ಅಂಶಗಳೊಡನೆ ಮೇಲಕ್ಕೆ ಚಿಮ್ಮುತ್ತದೆ. ಇಂತಹ ಬುಗ್ಗೆಗಳು ಮೊದಲ ಬಾರಿಗೆ 1977ರಲ್ಲಿ ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ಬಳಿ ಪತ್ತೆಯಾದವು. ಹಿಂದೂ ಮಹಾಸಾಗರದಲ್ಲಿ ಸುಮಾರು 2,450 ಮೀಟರ್ ಆಳದ ಕೈರೇ ಕ್ಷೇತ್ರವನ್ನು ಜಪಾನಿನ ವಿಜ್ಞಾನಿಗಳು 2000ನೇ ಇಸವಿಯಲ್ಲಿ ಗುರುತಿಸಿದರು.

2. ಆಹಾರದ ಮೂಲ
ಈ ಆಳಕ್ಕೆ ಸೂರ್ಯನ ಬೆಳಕು ತಲುಪುವುದಿಲ್ಲ. ಇಲ್ಲಿ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಮುಂತಾದ ರಾಸಾಯನಿಕಗಳಿಂದ ಶಕ್ತಿ ಪಡೆದು ಆಹಾರ ತಯಾರಿಸುತ್ತವೆ. ಬಸವನಹುಳು, ಕಪ್ಪೆಚಿಪ್ಪು, ಸಿಗಡಿಗಳು ಅವುಗಳನ್ನು ಅವಲಂಬಿಸಿದ್ದು, ಇಂತಹ ಜೀವಿಗಳು ಮೀನುಗಳಿಗೆ ಆಹಾರವಾಗುತ್ತವೆ.

3. ಮೀನುಗಳು
ಬುಗ್ಗೆಯ ಬಾಯಿಯಲ್ಲಿ ನೀರಿನ ಉಷ್ಣತೆ 350 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಮೀನುಗಳು ಅಲ್ಲಿರದೆ, ಬಿಸಿನೀರು ತಣ್ಣನೆಯ ಸಮುದ್ರಜಲದೊಡನೆ ಬೆರೆಯುವ ಅಂಚಿನಲ್ಲಿ ವಾಸಿಸುತ್ತವೆ. ಇವುಗಳಲ್ಲಿ ನೀಳ ದೇಹದ ಜೋವಾರ್ಸಿಡೇ ಕುಟುಂಬದ ಮೀನುಗಳು ಮುಖ್ಯವಾದವು. ಪೂರ್ವ ಪೆಸಿಫಿಕ್‌ನ ಥರ್ಮಾರ್ಸಿಸ್ ಸೆರ್ಬೆರಸ್ ಬಸವನಹುಳು ಹಾಗೂ ಸಣ್ಣ ಕಠಿಣಚರ್ಮಿಗಳನ್ನು ತಿಂದು ಅವುಗಳ ಸಂಖ್ಯೆಯನ್ನು ಹತೋಟಿಯಲ್ಲಿಡುತ್ತದೆ. ಹಿಂದೂ ಮಹಾಸಾಗರದ ಬುಗ್ಗೆಗಳಲ್ಲಿನ ಪ್ಯಾಕಿಕಾರಾ ಏಂಜೆಲೊಯಿ ಎಂಬ ಪ್ರಭೇದವನ್ನು ವಿಜ್ಞಾನಿಗಳು ಹೆಸರಿಸಿದ್ದು 2021ರಲ್ಲಿ ಮಾತ್ರ.

4. ಭಾರತದ ಪರಿಶೋಧನೆ
ಬುಗ್ಗೆಗಳ ಸುತ್ತ ತಾಮ್ರ, ಸತು ಮುಂತಾದ ಲೋಹಗಳ ಸಲ್ಫೈಡ್ ನಿಕ್ಷೇಪಗಳು ಶೇಖರವಾಗುತ್ತವೆ. ಇವುಗಳ ಪರಿಶೋಧನೆಗಾಗಿ ಭಾರತವು ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಡನೆ 2016ರಲ್ಲಿ 15 ವರ್ಷಗಳ ಒಪ್ಪಂದವನ್ನು, 2025ರಲ್ಲಿ ಅರಬ್ಬಿ ಸಮುದ್ರದ ಕಾರ್ಲ್ಸ್‌ಬರ್ಗ್ ಪರ್ವತಸಾಲಿಗಾಗಿ ಇನ್ನೊಂದು ಒಪ್ಪಂದವನ್ನು ಮಾಡಿಕೊಂಡಿದೆ. 2024ರ ಡಿಸೆಂಬರ್‌ನಲ್ಲಿ ಭಾರತೀಯ ವಿಜ್ಞಾನಿಗಳು ಸುಮಾರು 4,500 ಮೀಟರ್ ಆಳದ ಸಕ್ರಿಯ ಬುಗ್ಗೆಯೊಂದರ ಚಿತ್ರ ಪಡೆದರು. ಮೂವರನ್ನು 6,000 ಮೀಟರ್ ಆಳಕ್ಕೆ ಕರೆದೊಯ್ಯಲು ರೂಪಿಸಲಾದ ಮತ್ಸ್ಯ 6000 ನೌಕೆಯ ಟೈಟಾನಿಯಂ ಗೋಳದ ಬೆಸುಗೆ ಕಾರ್ಯದಲ್ಲಿ ಬೆಂಗಳೂರಿನ ಇಸ್ರೋ ಘಟಕವೂ ಪಾಲ್ಗೊಂಡಿದೆ.

5. ಸಂರಕ್ಷಣೆಯ ಅಗತ್ಯ
ಬುಗ್ಗೆ ಕ್ಷೇತ್ರಗಳು ಅತಿ ಚಿಕ್ಕವು. ಒಂದರಿಂದ ಇನ್ನೊಂದಕ್ಕೆ ನೂರಾರು ಕಿಲೋಮೀಟರ್ ಅಂತರವಿರಬಹುದು. ಒಂದು ಕ್ಷೇತ್ರವನ್ನು ಅಗೆದರೆ, ಅಲ್ಲಿನ ಜೀವಿಗಳಿಗೆ ಸಮೀಪದಲ್ಲಿ ಬೇರೆ ನೆಲೆ ಇರುವುದಿಲ್ಲ. ಈ ಕಾರಣದಿಂದಲೇ ಕೈರೇ ಮುಂತಾದ ಕ್ಷೇತ್ರಗಳ ಶಲ್ಕಪಾದ ಬಸವನಹುಳುವನ್ನು 2019ರಲ್ಲಿ ಅಳಿವಿನಂಚಿನ ಜೀವಿಗಳ ಜಾಗತಿಕ ಕೆಂಪುಪಟ್ಟಿಗೆ ಸೇರಿಸಲಾಯಿತು. ಬುಗ್ಗೆ ಕ್ಷೇತ್ರಗಳ ಜೀವಜಾಲದಲ್ಲಿ ಮೀನುಗಳೂ ಸೇರಿವೆ. ಆದುದರಿಂದ ಲೋಹದ ಅಂದಾಜಿಗೆ ಮೊದಲು ಜೀವಿಗಳ ಗಣತಿ ಆಗುವುದು ಅವಶ್ಯಕ.

6. ಸಾರ್ವಜನಿಕರ ಗಮನಕ್ಕೆ
ಅ) ಪರಿಶೋಧನಾ ಒಪ್ಪಂದವು ಗಣಿಗಾರಿಕೆಯ ಅನುಮತಿಯಲ್ಲ. ಒಪ್ಪಂದದಾರರು ಪರಿಸರದ ಮೂಲ ಮಾಹಿತಿಯನ್ನು ಸಂಗ್ರಹಿಸುವುದು ಕಡ್ಡಾಯ.
ಆ) ಸಮುದ್ರತಳ ಪ್ರಾಧಿಕಾರದ 2025ರ ಜುಲೈ ಅಧಿವೇಶನವು ಗಣಿಗಾರಿಕೆಯ ನಿಯಮಗಳನ್ನು ಅಂಗೀಕರಿಸದೆ ಮುಕ್ತಾಯಗೊಂಡಿತು.
ಇ) ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ, 1986ರಡಿ ನೀಡಲಾಗುವ ದೋಣಿ ಪರವಾನಗಿಗಳು ರಾಜ್ಯದ ಕರಾವಳಿ ಜಲಪ್ರದೇಶಕ್ಕೆ ಸೀಮಿತ. ಮೇಲ್ಕಂಡ ಕ್ಷೇತ್ರಗಳು ಅದರ ವ್ಯಾಪ್ತಿಗೆ ಒಳಪಡುವುದಿಲ್ಲವೆಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.