ನೀಲಗಿರಿ ಮರ ನೀಲಗಿರಿಯದಲ್ಲ

ಗೂಡಲೂರು ದಾಟಿ ಊಟಿಯ ಘಾಟಿ ಹತ್ತುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಯಾವಾಗಲೂ ಪೈಪೋಟಿ. ನಡುವಟ್ಟಂ ಸಮೀಪಿಸುತ್ತಿದ್ದಂತೆ ತಣ್ಣನೆಯ ಗಾಳಿಯ ಜೊತೆ ಔಷಧಿಯಂಥ ವಾಸನೆಯೊಂದು ಮೂಗಿಗೆ ಬಡಿಯುತ್ತದೆ. ರಸ್ತೆಯ ಪಕ್ಕದಲ್ಲಿ ನೆಟ್ಟಗೆ ನಿಂತ ನೀಲಗಿರಿ ಮರಗಳು. ಮೈಸೂರಿನಿಂದ ಹೊರಟವರಿಗೆ ಊಟಿ ಬಂತೆಂದು ಹೇಳುವುದೇ ಈ ವಾಸನೆ. ಆದರೆ ಇನ್ನೂರು ವರ್ಷಗಳ ಹಿಂದೆ ಈ ಬೆಟ್ಟದಲ್ಲಿ ಅಂಥ ಒಂದು ಮರವೂ ಇರಲಿಲ್ಲ.

ಅದರ ತವರು ಆಸ್ಟ್ರೇಲಿಯಾ. ಇಲ್ಲಿಗೆ ಬಂದದ್ದು 1843ರಲ್ಲಿ. ಕನ್ನಡದಲ್ಲಿ ಬೆಟ್ಟದ ಹೆಸರೇ ಮರದ ಹೆಸರಾಯಿತು. ನೆಗಡಿಯಾದಾಗ ಕರವಸ್ತ್ರಕ್ಕೆ ಹಾಕಿಕೊಳ್ಳುವ ಎಣ್ಣೆಗೂ ಅದೇ ಹೆಸರು ಅಂಟಿತು. ಬೆಟ್ಟದ ಹೆಸರಾದರೋ ಬಹಳ ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋಡರನ್ನು ಬೆದರಿಸಿ ನೀಲಗಿರಿಯನ್ನು ಗೆದ್ದ ಸಂಗತಿ ಚಾಮರಾಜನಗರದ 1117ರ ಶಾಸನದಲ್ಲಿದೆ.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಹತ್ತಿ ಬಂದಾಗ ಮೇಲೆ ಇದ್ದದ್ದು ಅಲೆಅಲೆಯಾಗಿ ಹಬ್ಬಿದ ಹುಲ್ಲುಗಾವಲು. ಗುಡ್ಡಗಳ ಸಂದುಗಳಲ್ಲಿ, ತೊರೆಗಳ ಸುತ್ತ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಇದಕ್ಕೆ ಶೋಲಾ ಎಂದು ಹೆಸರು. ಶೋಲಾ ಮುಗಿದಲ್ಲಿ ಗೆರೆ ಎಳೆದ ಹಾಗೆ ಹುಲ್ಲು ಶುರು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಬಯಲಿನ ಮೇಲೆ ಹೆಪ್ಪುಗಟ್ಟುವ ಮಂಜು ಎಳೆಯ ಸಸಿಗಳನ್ನು ಸುಟ್ಟುಹಾಕುತ್ತದೆ. ಕಾಡಿನ ನೆರಳಿನಲ್ಲಿ ಅವು ಬದುಕಿಕೊಳ್ಳುತ್ತವೆ.

ಜನ ಮರ ಕಡಿದದ್ದರಿಂದಲೇ ಈ ಹುಲ್ಲು ಹಬ್ಬಿತೆಂದು ವಾದಿಸಿದವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಇಲ್ಲಿನ ಜೌಗಿನಲ್ಲಿ ಪದರಪದರವಾಗಿ ಕುಳಿತ ಕಪ್ಪು ಮಣ್ಣನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಕಥೆ ಹೇಳಿತು. ಸುಮಾರು 20,000 ವರ್ಷಗಳ ಹಿಂದೆಯೇ ಇಲ್ಲಿ ಹುಲ್ಲಿತ್ತು. ಹವೆ ಒಣಗಿದಾಗ ಹುಲ್ಲು ಹಬ್ಬಿತು, ಮಳೆ ಹೆಚ್ಚಿದಾಗ ಕಾಡು ಹಬ್ಬಿತು. ಬೆಟ್ಟದ ಚೆಲುವು ಹಿಂದೆಯೂ ಬದಲಾಗುತ್ತಲೇ ಇತ್ತು, ಆದರೆ ಅದಕ್ಕೆ ಸಾವಿರಾರು ವರ್ಷ ಹಿಡಿಯುತ್ತಿತ್ತು.

ಬ್ರಿಟಿಷರಿಗೆ ಅಷ್ಟು ತಾಳ್ಮೆ ಎಲ್ಲಿಯದು? ತಮ್ಮ ನಾಡಿನ ಗುಡ್ಡಗಳನ್ನು ನೆನಪಿಸುವ ಹುಲ್ಲುಗಾವಲನ್ನು ಅವರು ಮೆಚ್ಚಿದರು; ಕಡತಗಳಲ್ಲಿ ಮಾತ್ರ ಅದು ಪಾಳು ಜಮೀನು. ಊಟಿ ಬೆಳೆದಂತೆ ಸೌದೆಗಾಗಿ ಶೋಲಾಗಳು ಕರಗಿದವು. ಬೇಗ ಬೆಳೆಯುವ ನೀಲಗಿರಿ, ವ್ಯಾಟಲ್ ಮರಗಳು ಪರಿಹಾರವಾಗಿ ಕಂಡವು. ಸ್ವಾತಂತ್ರ್ಯ ಬಂದ ಮೇಲೆ ನಮ್ಮವರೇನೂ ಹಿಂದೆ ಬೀಳಲಿಲ್ಲ. ಚರ್ಮ ಹದ ಮಾಡಲು ವ್ಯಾಟಲ್ ತೊಗಟೆ, ಕಾರ್ಖಾನೆಗಳ ತಿರುಳಿಗೆ ನೀಲಗಿರಿ ಎಂದು ಹುಲ್ಲಿನ ಮೇಲೆಯೇ ತೋಪು ಎಬ್ಬಿಸಿದರು. ಊಟಿ ಬಳಿ ಹುಲ್ಲಿನ ಕಣಿವೆಯೊಂದರಲ್ಲಿ ನೀಲಗಿರಿ ನೆಟ್ಟು ಅಳೆದಾಗ, ಮೊದಲ 10 ವರ್ಷಗಳಲ್ಲಿ ಹರಿದುಬರುವ ನೀರು ಸುಮಾರು ಶೇ 16ರಷ್ಟು ತಗ್ಗಿತ್ತು. ಹಸಿರು ಹೆಚ್ಚಿತು, ತೊರೆ ಸೊರಗಿತು.

ಊಟಿ–ಗೂಡಲೂರು ರಸ್ತೆಯಲ್ಲಿ ‘ಶೂಟಿಂಗ್ ಸ್ಪಾಟ್’ ಎಂದು ಗೈಡುಗಳು ತೋರಿಸುವ ಹುಲ್ಲಿನ ಗುಡ್ಡದಲ್ಲಿ ಹಾಡಿ ಕುಣಿದ ನಾಯಕ ನಾಯಕಿಯರಿಗೆ ಲೆಕ್ಕವಿಲ್ಲ. ಅದು ಬೋಳುಗುಡ್ಡ ಎಂದುಕೊಳ್ಳುವವರೇ ಹೆಚ್ಚು. ಬೆಟ್ಟದ ಹಳೆಯ ಮುಖ ಅದೇ.

ಈಗ ವ್ಯಾಟಲ್ ಕಿತ್ತು ಹುಲ್ಲು ಬೆಳೆಸುವ ಯತ್ನ ನಡೆದಿದೆ. ಸುಲಭವಲ್ಲ: ಅದರ ಬೀಜ ದಶಕಗಟ್ಟಲೆ ಮಣ್ಣಿನಲ್ಲಿ ಕಾದಿದ್ದು ಮತ್ತೆ ಮೊಳೆಯುತ್ತದೆ. ಮೇಲಾಗಿ, ಹಳೆಯ ವ್ಯಾಟಲ್ ನೆರಳಿನಲ್ಲಿ ಅಲ್ಲಲ್ಲಿ ಶೋಲಾ ಸಸಿಗಳೇ ತಲೆ ಎತ್ತಿವೆ. ಕಡಿಯಬೇಕೇ, ಬಿಡಬೇಕೇ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಇತ್ತ ತೋಡರು ತಮ್ಮ ಎಮ್ಮೆಗಳ ಗುಡಿಯ ಮಾಡಿಗೆ ಹೊದಿಸುವ ಜೌಗುಹುಲ್ಲಿಗಾಗಿ ಮೊದಲಿಗಿಂತ ದೂರ ನಡೆಯುತ್ತಿದ್ದಾರೆ.