ಕತ್ತರಿ, ಉರುಳುಗತ್ತಿ, ಅಚ್ಚು: ಅಮೆರಿಕದ ಕೌದಿಯ ಚರಿತ್ರೆಯಿಂದ

ಬಟ್ಟೆಯನ್ನು ಅಚ್ಚಿನಿಂದ ಕತ್ತರಿಸುವ ಯಂತ್ರವೊಂದನ್ನು ಮನೆಗೆ ತರುವುದು ಸಾರ್ಥಕವೇ ಎಂಬ ಪ್ರಶ್ನೆಯನ್ನು ಅಮೆರಿಕದಲ್ಲಿ ಕ್ವಿಲ್ಟ್ ಎಂಬ ತೇಪೆಗೌದಿಯನ್ನು ಹೊಲಿಯುವವರು ಬಹು ಆಸ್ಥೆಯಿಂದ ಚರ್ಚಿಸುತ್ತಾರೆ. ಆ ಚರ್ಚೆ ಸಾಮಾನ್ಯವಾಗಿ ಬೆಲೆಯ ಲೆಕ್ಕದಲ್ಲಿ ಮೊದಲಾಗಿ ಬೆಲೆಯ ಲೆಕ್ಕದಲ್ಲಿಯೇ ಮುಗಿಯುತ್ತದೆ. ಆದರೆ ಆ ದೇಶದಲ್ಲಿ ಬಟ್ಟೆ ಕತ್ತರಿಸುವ ಸಾಧನಗಳು ಬದಲಾಗುತ್ತ ಬಂದ ಕ್ರಮವನ್ನು ಅವಲೋಕಿಸಿದಲ್ಲಿ, ಪ್ರತಿಯೊಂದು ಸಾಧನವೂ ಕೆಲಸದ ವೇಗವನ್ನು ಹೆಚ್ಚಿಸಿದುದಲ್ಲದೆ, ಯಾವ ವಿನ್ಯಾಸ ಬಳಕೆಯಲ್ಲಿ ಉಳಿಯಬೇಕು, ಯಾವುದು ಮೂಲೆಗೆ ಸರಿಯಬೇಕು ಎಂಬುದನ್ನೂ ನಿರ್ಣಯಿಸಿತೆಂದು ವ್ಯಕ್ತವಾಗುತ್ತದೆ. ಯಂತ್ರದ ಯೋಗ್ಯತೆಯನ್ನು ಅಳೆಯುವುದಕ್ಕೆ ಇದೇ ತಕ್ಕ ಮಾನದಂಡವೆಂಬುದು ನನ್ನ ಅಭಿಪ್ರಾಯ.

ಫಿಲಡೆಲ್ಫಿಯದಿಂದ ಹೊರಡುತ್ತಿದ್ದ ಗೋಡಿಯ ಮಹಿಳಾ ಮಾಸಪತ್ರಿಕೆಯು 1835ರಲ್ಲಿ ಷಟ್ಕೋನಾಕಾರದ ತುಂಡುಗಳ ಜೋಡಣೆಯ ಮಾದರಿಯೊಂದನ್ನು ಪ್ರಕಟಿಸಿತು. ಆ ಕಾಲದ ಗೃಹಿಣಿಯು ತಗಡಿನಲ್ಲಾಗಲಿ ರಟ್ಟಿನಲ್ಲಾಗಲಿ ಸಿದ್ಧಪಡಿಸಿಕೊಂಡ ಪಡಿಯಚ್ಚನ್ನು ಬಟ್ಟೆಯ ಮೇಲಿಟ್ಟು, ಅದರ ಸುತ್ತಲೂ ಗೆರೆಯೆಳೆದು, ಹೊಲಿಗೆಗೆಂದು ಕಾಲು ಅಂಗುಲದಷ್ಟು ಅಂಚನ್ನು ಬಿಟ್ಟುಕೊಂಡು, ಒಂದೊಂದೇ ತುಂಡನ್ನು ಕತ್ತರಿಯಿಂದ ಬಿಡಿಸಿಕೊಳ್ಳಬೇಕಾಗಿತ್ತು. ರಟ್ಟಿನ ಅಂಚು ಪೆನ್ಸಿಲಿನ ಉಜ್ಜಾಟಕ್ಕೆ ಸಿಕ್ಕಿ ಮೆಲ್ಲಮೆಲ್ಲನೆ ಸವೆಯುತ್ತಿದ್ದುದರಿಂದ ನೂರನೆಯ ತುಂಡು ಮೊದಲನೆಯದಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿಬಿಡುತ್ತಿತ್ತು. ಇದನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಒಂದೊಂದು ಜೋಡಣೆಯಲ್ಲಿ ಅಂಗುಲದ ಹದಿನಾರನೆಯ ಒಂದು ಪಾಲು ತಪ್ಪಿದರೆ, 16 ಜೋಡಣೆಗಳುಳ್ಳ ಸಾಲಿನಲ್ಲಿ ಒಂದು ಪೂರ್ಣ ಅಂಗುಲವೇ ತಪ್ಪುತ್ತದೆ. ಪಕ್ಕದ ಸಾಲಿನೊಡನೆ ಮೂಲೆಗಳು ಕೂಡದೆ ಬಟ್ಟೆ ನಡುವೆ ಉಬ್ಬಿ ನಿಲ್ಲುತ್ತದೆ. 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಹೊಲಿಗೆಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಸೂಜಿಯ ಕೆಲಸವೇನೋ ಹಗುರವಾಯಿತು; ಕತ್ತರಿಯ ಕೆಲಸ ಮಾತ್ರ ಮೊದಲಿನಂತೆಯೇ ಉಳಿಯಿತು.

ಕಾರ್ಖಾನೆಗಳ ಸ್ಥಿತಿ ಬೇರೆಯಾಗಿತ್ತು. ಲೀಡ್ಸ್ ನಗರದ ಜಾನ್ ಬ್ಯಾರನ್ 1858ರಲ್ಲಿ ಮರಗೆಲಸದ ಪಟ್ಟಿಗರಗಸವನ್ನು ಕಂಡು, ಅನೇಕ ಪದರದ ಬಟ್ಟೆಯನ್ನು ಒಮ್ಮೆಗೇ ಕತ್ತರಿಸುವ ಪಟ್ಟಿಗತ್ತಿಯನ್ನು ಬಳಕೆಗೆ ತಂದನು. ಪಾದರಕ್ಷೆಯ ಕಾರ್ಖಾನೆಗಳಲ್ಲಿ ತೊಗಲನ್ನು ಉಕ್ಕಿನ ಅಚ್ಚಿನಿಂದ ಒತ್ತಿ ಕತ್ತರಿಸುವ ಪದ್ಧತಿ ಬೇರೂರಿತು. 1879ರಲ್ಲಿ ಬ್ರೂಕ್ಲಿನ್ನಿನ ಕಾಗದದ ಚೀಲಗಳ ತಯಾರಕ ರಾಬರ್ಟ್ ಗೇರ್ ಎಂಬಾತನ ಕಾರ್ಖಾನೆಯಲ್ಲಿ, ಮಡಿಕೆಯ ಗುರುತನ್ನು ಒತ್ತಬೇಕಾಗಿದ್ದ ಲೋಹದ ಪಟ್ಟಿಯೊಂದು ಸ್ಥಾನ ತಪ್ಪಿ ಚೀಲಗಳನ್ನು ಕತ್ತರಿಸಿಹಾಕಿತು. ಆ ನಷ್ಟದಲ್ಲಿಯೇ ಆತನು ಕತ್ತರಿಸುವುದನ್ನೂ ಮಡಿಸುವುದನ್ನೂ ಒಂದೇ ಒತ್ತಿಗೆ ಸಾಧಿಸುವ ಉಪಾಯವನ್ನು ಕಂಡುಕೊಂಡನು. ಇಂದು ಮನೆಯ ಮೇಜಿನ ಮೇಲೆ ಕುಳಿತಿರುವ ಅಚ್ಚಿನಲ್ಲಿಯೂ ಹಲಗೆಗೆ ನಾಟಿದ ಉಕ್ಕಿನ ಪಟ್ಟಿಯೇ ಅಲಗಾಗಿದೆ.

1920 ಮತ್ತು 30ರ ದಶಕಗಳಲ್ಲಿ ಮೊದಲೇ ಕತ್ತರಿಸಿದ ತುಂಡುಗಳ ಪೊಟ್ಟಣಗಳು ಅಂಚೆಯ ಮೂಲಕ ಮಾರಾಟಕ್ಕೆ ಬಂದವು. ಒಂದರೊಳಗೊಂದು ಹೆಣೆದ ವಿವಾಹದುಂಗುರಗಳ ವಿನ್ಯಾಸ, ಅಜ್ಜಿಯ ಹೂದೋಟವೆಂಬ ಷಟ್ಕೋನಗಳ ವಿನ್ಯಾಸ ಮನೆಮನೆಯಲ್ಲಿ ಮೆರೆದ ಕಾಲವದು. 1933ರಲ್ಲಿ ಷಿಕಾಗೋ ವಿಶ್ವಪ್ರದರ್ಶನದ ನಿಮಿತ್ತ ಸಿಯರ್ಸ್ ಕಂಪನಿಯವರು ನಡೆಸಿದ ಸ್ಪರ್ಧೆಗೆ ಸುಮಾರು 24,000 ಕ್ವಿಲ್ಟುಗಳು ಬಂದುವೆಂದರೆ ಆ ಉತ್ಸಾಹವನ್ನು ಊಹಿಸಿಕೊಳ್ಳಬಹುದು.

ಮಹಾಯುದ್ಧಾನಂತರ ಇಳಿಮುಖವಾದ ಈ ಕಲೆಗೆ 1970ರ ದಶಕದಲ್ಲಿ ಪುನರುಜ್ಜೀವನವುಂಟಾದಾಗ ಹೊಸ ತಲೆಮಾರಿನ ಹೆಂಗಸರಿಗೆ ಪುರಸತ್ತು ಕಡಿಮೆಯಿದ್ದಿತು. 1976ರಲ್ಲಿ ಬಾರ್ಬರಾ ಜೊಹಾನಾ, 1978ರಲ್ಲಿ ಎಲಿನರ್ ಬರ್ನ್ಸ್ ತಮ್ಮ ಪುಸ್ತಕಗಳಲ್ಲಿ ಶೀಘ್ರವಾದ ಹೊಲಿಗೆಯ ಮಾರ್ಗಗಳನ್ನು ತಿಳಿಸಿಕೊಟ್ಟರು. 1979ರಲ್ಲಿ ಜಪಾನಿನ ಓಲ್ಫಾ ಸಂಸ್ಥೆ ಗಾಲಿಯಾಕಾರದ ಅಲಗುಳ್ಳ ರೋಟರಿ ಕಟರನ್ನು ಹೊರತಂದಿತು. ಅಳತೆಗೋಲಿನ ಅಂಚಿಗೆ ಒತ್ತಿ ಉರುಳಿಸಿದರೆ ನಾಲ್ಕಾರು ಪದರ ಒಮ್ಮೆಗೇ ತುಂಡಾಗುವ ಆ ಸಾಧನವನ್ನು ಎಷ್ಟು ಕೊಂಡಾಡಿದರೂ ತೀರದು. ಆದರೆ ಅದು ನೇರವಾದ ಗೆರೆಯ ಮಿತ್ರ. ಪಟ್ಟಿ, ಚೌಕ, ತ್ರಿಕೋಣಗಳ ಕ್ವಿಲ್ಟುಗಳು ಎಲ್ಲೆಡೆ ಹಬ್ಬಿದುವು; ವಿವಾಹದುಂಗುರದ ಬಾಗಿದ ಕಮಾನುಗಳನ್ನು ಕೈಗೆತ್ತಿಕೊಳ್ಳುವವರು ವಿರಳರಾದರು.

ಮನೆಬಳಕೆಯ ಅಚ್ಚಿನ ಯಂತ್ರ ಈ ಸನ್ನಿವೇಶಕ್ಕೆ ಬಂದುದು. ನೆಬ್ರಾಸ್ಕದ ಒಮಾಹಾ ನಗರದ ಆಕ್ಯುಕ್ವಿಲ್ಟ್ ಸಂಸ್ಥೆ ಇದನ್ನು ಪ್ರಚುರಪಡಿಸಿದವರಲ್ಲಿ ಮುಖ್ಯವಾದುದು. ಹಲಗೆಗೆ ನಾಟಿದ ಅಲಗಿನ ಸುತ್ತ ಮೆತ್ತನೆಯ ಸ್ಪಂಜಿರುತ್ತದೆ. ಅದರ ಮೇಲೆ ಬಟ್ಟೆಯನ್ನು ಹಾಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆಯನ್ನು ಮುಚ್ಚಿ, ಹಿಡಿಯನ್ನು ತಿರುಗಿಸಿದರೆ ಇವೆಲ್ಲವೂ ಎರಡು ಉರುಳೆಗಳ ನಡುವೆ ನುಸುಳುವಾಗ ಒತ್ತಡಕ್ಕೆ ಸ್ಪಂಜು ಕುಗ್ಗಿ ಅಲಗು ಬಟ್ಟೆಯನ್ನು ಸೀಳುತ್ತದೆ. ಹತ್ತಿಬಟ್ಟೆಯಾದರೆ ಆರು ಪದರದವರೆಗೆ ಇಡಬಹುದು. ಹಾಸಿನ ಎಳೆಗಳು ಉರುಳೆಯೊಳಕ್ಕೆ ಸಾಗುವ ದಿಕ್ಕಿಗೇ ಇರಬೇಕು. ಹೊಕ್ಕಿನ ದಿಕ್ಕಿಗಿಟ್ಟರೆ ಬಟ್ಟೆ ಹಿಗ್ಗಿ ಚೌಕ ಚೌಕವಾಗಿರದೆ ಹೋಗುತ್ತದೆ. ತ್ರಿಕೋಣದ ತುದಿಗಳನ್ನೂ ಅಚ್ಚೇ ಮೊಟಕುಮಾಡಿ ಕೊಡುವುದರಿಂದ ಎರಡು ತುಂಡುಗಳು ಅಂಚಿಗೆ ಅಂಚು ಕೂಡಿ ನಿಲ್ಲುತ್ತವೆ. ದೋಷಗಳೂ ಉಂಟು: ಆಕಾರ ಬೇರೆಯಾದರೂ ಅಳತೆ ಬೇರೆಯಾದರೂ ಬೇರೊಂದು ಅಚ್ಚನ್ನು ಕೊಳ್ಳಬೇಕು, ಅಲಗಿನ ಆಚೀಚೆ ಒಂದಿಷ್ಟು ಬಟ್ಟೆ ವ್ಯರ್ಥವಾಗುತ್ತದೆ.

ನಮ್ಮ ಉತ್ತರ ಕರ್ನಾಟಕದ ಕೌದಿಗೂ, ಯಲ್ಲಾಪುರ ಹಳಿಯಾಳಗಳ ಸಿದ್ದಿ ಹೆಂಗಸರ ಕವಂದಿಗೂ ಈ ಯಂತ್ರದಿಂದ ಆಗಬೇಕಾದುದು ಏನೂ ಇಲ್ಲ. ಅಲ್ಲಿ ಹಳೆಯ ಸೀರೆ ಧೋತರಗಳ ತುಂಡುಗಳನ್ನು ತಳಬಟ್ಟೆಯ ಮೇಲೆ ಒಂದಕ್ಕೊಂದು ಹೊದಿಸುತ್ತ, ಅಂಚಿನಿಂದ ಒಳಮುಖವಾಗಿ ಓಟದ ಹೊಲಿಗೆ ಹಾಕುತ್ತ ಸಾಗುವರು. ತುಂಡು ಕಿರಿದಾದರೆ ಪಕ್ಕದ್ದು ತುಸು ಮುಂದೆ ಸರಿದು ತೆರವನ್ನು ತುಂಬುತ್ತದೆ. ತುಂಡಿನ ಅಂಚಿಗೆ ಅಂಚನ್ನೇ ಹೊಲಿಯುವ ಅಮೆರಿಕದ ಪದ್ಧತಿಗೆ ಮಾತ್ರ ಇಷ್ಟೊಂದು ಕರಾರುವಾಕ್ಕಾದ ಅಳತೆ ಅನಿವಾರ್ಯವಾಗಿದೆ.

ಆದಕಾರಣ, ಪಟ್ಟಿ ಚೌಕಗಳಲ್ಲಿಯೇ ತೃಪ್ತರಾದವರು ಅಚ್ಚಿಗೆ ಹಣ ಸುರಿಯಬೇಕಾಗಿಲ್ಲ. ರೋಟರಿ ಕಟರ್ ಅವರಿಗೆ ಧಾರಾಳವಾಗಿ ಸಾಕು. ಒಂದೇ ಬಾಗಿದ ತುಂಡನ್ನು ನೂರಾರು ಬಾರಿ ಕತ್ತರಿಸಬೇಕೆಂಬವರಿಗೂ, ಸಂಧಿವಾತದಿಂದ ಮಣಿಕಟ್ಟು ಸೋತು ಕತ್ತರಿಯನ್ನೇ ಕೆಳಗಿಟ್ಟವರಿಗೂ ಅಚ್ಚಿನ ಯಂತ್ರ ನಿಸ್ಸಂಶಯವಾಗಿ ಸಾರ್ಥಕ. ಒಬ್ಬರಿಗೆ ಭಾರವೆನಿಸಿದಲ್ಲಿ ನಾಲ್ವರು ಕೂಡಿ ಯಂತ್ರವೊಂದನ್ನು ಕೊಂಡು, ಅಚ್ಚುಗಳನ್ನು ತಮ್ಮಲ್ಲಿ ಹಂಚಿಕೊಳ್ಳಬಹುದು. ಅಂಥವರು ಮೊದಲು ವಿವಾಹದುಂಗುರದ ಅಚ್ಚನ್ನೇ ತರಿಸಿಕೊಳ್ಳಲೆಂಬುದು ನನ್ನ ಆಸೆ.